ಶಾರದಾ ಮನೆಯ ಭಾನುವಾರದ ಫೋನು

ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಕಂಡುಹಿಡಿದು ನನಗೇ ಹೇಳೋದು ಬೇಡ. ಸೀರೆ ಒಡವೆ ಕಂಡು ಬರೋ ಹೊಟ್ಟೆಕಿಚ್ಚಲ್ಲ. ವಸಂತ್ ಕುಂಜ್‌ನ ಒಂದು ಫ್ಲ್ಯಾಟಿನಲ್ಲಿ, ಟಿವಿ ಪಕ್ಕದ ಸ್ಟೂಲಿನ ಮೇಲೆ, ಕಸೂತಿ ಬಟ್ಟೆ ಹೊದ್ದು ಕೂತಿದ್ದ ಕೆಂಪು ಫೋನಿನ ಮೇಲೆ ನನ್ನ ಹೊಟ್ಟೆಕಿಚ್ಚು. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಅದು ಬಡಕೊಳ್ತಿತ್ತು. ಶಾರದಾ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಎತ್ತೋಳು. ಆಮೇಲೆ ಹತ್ತು ನಿಮಿಷ ಅವಳ ಮಗ ರಾಹುಲ್ ಅವಳ ಹತ್ತಿರ ಮಾತಾಡೋನು. ಪೂರಾ ಹತ್ತು ನಿಮಿಷ, ಒಂದು ಸೆಕೆಂಡೂ ಬಿಡದ ಹಾಗೆ.

ನನ್ನ ಮಗ ಪ್ರಜ್ವಲ್ ಕೂಡ ರಾಹುಲ್ ಇದ್ದ ನೌಕಾಪಡೆಯ ಶಾಲೆಯಲ್ಲೇ ಇದ್ದ, ಅದೇ ಟೆಲಿಫೋನ್ ಬೂತಿನಿಂದ, ಅದೇ ಭಾನುವಾರ ನನಗೆ ಫೋನ್ ಮಾಡ್ತಿದ್ದ. ಅವನಿಗೂ ಕೊಟ್ಟಿದ್ದು ಹತ್ತೇ ನಿಮಿಷ. ಅವನು ಮಾತಾಡ್ತಿದ್ದದ್ದು ಮೂರು. ಚೆನ್ನಾಗಿದೀನಿ ಅಮ್ಮ, ಓದ್ತಾ ಇದೀನಿ ಅಮ್ಮ, ಅಚ್ಛಾ ಇಡ್ತೀನಿ ಅಮ್ಮ. ಉಳಿದ ಏಳು ನಿಮಿಷವನ್ನು ಆ ಹುಡುಗ ಏನು ಮಾಡ್ತಿದ್ದನೋ ಆ ದೇವರಿಗೇ ಗೊತ್ತು.

ನಾವಿರೋದು ದಿಲ್ಲಿಯ ಇನ್ನೊಂದು ತುದಿ, ಪೀತಮ್‌ಪುರದಲ್ಲಿ. ನಮ್ಮೆಜಮಾನರು ಗೋಪಿನಾಥ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿ. ಪ್ರಜ್ವಲ್ ಹನ್ನೆರಡನೇ ಕ್ಲಾಸು ಮುಗಿಸಿ ನೌಕಾಪಡೆಗೆ ಸೇರಿದಾಗ ನನ್ನ ಅಕ್ಕ ತಂಗಿಯರೆಲ್ಲ ಮೂಗು ಮುರಿದಿದ್ರು. ಆಫೀಸರ್ ಅಲ್ವಂತೆ, ಬರೀ ನಾವಿಕನಂತೆ ಅಂತ. ನಾನು ಆ ಮಾತನ್ನು ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ಕೇಳಿದೆ. ಎರಡು ಸಾವಿರದ ಆರನೇ ಇಸವಿ ಬೇಸಿಗೆಯಲ್ಲಿ ಅವನನ್ನು ಬೇರೆ ಒಂದಷ್ಟು ಹುಡುಗರ ಜೊತೆ ಆರಿಸಿ, ವೈಜಾಗ್‌ನ ಒಂದು ವಿಶೇಷ ಶಾಲೆಗೆ ಹಾಕಿದ್ರು. ಯಾಕೆ, ಏನು ಅಂತ ಯಾರೂ ನಮಗೆ ಹೇಳಲಿಲ್ಲ. ಆದರೆ ರಜೆಗೆ ಬಂದಾಗ ಅವನ ಟ್ರಂಕಿನಲ್ಲಿದ್ದ ಪುಸ್ತಕದ ಮೇಲಿನ ಹೆಸರು ನಾನು ಓದಿದೆ. ಪೇಪರಿನಲ್ಲಿ ಬರ್ತಿದ್ದ ಗಾಳಿಮಾತೂ ಓದಿದ್ದೆ. ಅಣುಶಕ್ತಿಯಿಂದ ಓಡೋ ಜಲಾಂತರ್ಗಾಮಿ. ಎರಡಕ್ಕೆ ಎರಡು ಕೂಡಿಸೋಕೆ ನನಗೂ ಬರುತ್ತೆ.

ತಂದೆತಾಯಿಗಳಿಗೆ ಅಂತ ಶಾಲೆಯಿಂದ ಒಂದು ಹಾಳೆ ಬಂತು, ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಹಿಂದಿ. ಓದು ಕಷ್ಟ ಇರುತ್ತೆ, ಮಗನಿಗೆ ಧೈರ್ಯ ಕೊಡಿ. ಮೊಬೈಲ್ ಒಳಗೆ ಬಿಡೋದಿಲ್ಲ, ಭಾನುವಾರ ಮಾತ್ರ ಬೂತಿನಿಂದ ಹತ್ತು ನಿಮಿಷ, ಬರೆಸಿಕೊಟ್ಟ ಒಂದೇ ನಂಬರಿಗೆ. ಅವನೇನು ಕಲೀತಾನೆ ಅನ್ನೋದನ್ನು ಯಾರ ಹತ್ತಿರವೂ ಮಾತಾಡಬಾರದು. ಕೆಳಗೆ ಒಂದು ಸಹಿ. ಅಷ್ಟೇ. ಧೈರ್ಯ ಕೊಡೋದು ಹೇಗೆ ಅಂತ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಅದನ್ನು ಹೇಳಿಕೊಡೋಕೆ ಶಾರದಾ ಇದ್ದಳು. ಅವಳ ಗಂಡ ಚಂದ್ರಕಾಂತ ಹಡಗಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತಿಯಾದವರು, ಹಾಗಾಗಿ ಅವಳಿಗೆ ಎಲ್ಲಾ ಗೊತ್ತು. ಆ ಶಾಲೆಯಲ್ಲಿ ದಿಲ್ಲಿ ಕಡೆಯ ಕನ್ನಡದ ಹುಡುಗರು ಮೂವರಿದ್ರು: ಅವಳ ರಾಹುಲ್, ನನ್ನ ಪ್ರಜ್ವಲ್, ಇಂದಿರಾಪುರಂನ ವಿಜಯಮ್ಮನ ಮಗ ಮಹಂತೇಶ್. ತಿಂಗಳಿಗೊಂದು ಭಾನುವಾರ ನಮ್ಮನ್ನೆಲ್ಲ ಮನೆಗೆ ಕರೆದು ಉಪ್ಪಿಟ್ಟು ಕೇಸರಿಬಾತು ಹಾಕಿ, ನೌಕಾಪಡೆಯ ಹುಡುಗರ ತಾಯಂದಿರು ಹೇಗಿರಬೇಕು ಅಂತ ಹೇಳೋಳು. ಮಾರ್ಕ್ಸ್ ಕೇಳಬೇಡಿ, ತಿಂಡಿ ಏನು ಕೊಟ್ರು ಅಂತ ಕೇಳಿ. ತಿಂಡಿ ಕೇಳಿದ್ರೆ ಹುಡುಗರು ಬಾಯಿ ಬಿಡ್ತಾರೆ, ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬರುತ್ತೆ. ಮನೆಯ ದೊಡ್ಡ ಸುದ್ದಿ ಬೇಡ, ಸಣ್ಣ ಸುದ್ದಿ ಹೇಳಿ, ಪಕ್ಕದ ಮನೆ ನಾಯಿ ಮರಿ ಹಾಕಿದ್ದು, ತರಕಾರಿ ಮಾರೋ ಸಬ್ಜಿ ಭಯ್ಯಾ ಜೊತೆ ಜಗಳ ಆಡಿದ್ದು. ಬೋರ್ಡು ಹತ್ತಿರ ಬಂದಾಗ ಬೋರ್ಡಿನ ಮಾತೇ ಎತ್ತಬೇಡಿ. ಬೋರ್ಡು ಅಂದ್ರೆ ಅವರ ಮೌಖಿಕ ಪರೀಕ್ಷೆ. ಮೂರು ಜನ ಆಫೀಸರ್‌ಗಳ ಮುಂದೆ ನಿಂತು ಇಡೀ ಯಂತ್ರದ ಕೊಳವೆಗಳನ್ನು ನೆನಪಿನಿಂದ ಬಿಡಿಸಿ ತೋರಿಸಬೇಕಂತೆ. ಎರಡು ಸಲ ತಪ್ಪಿದ್ರೆ ಶಾಲೆಯಿಂದ ಹೊರಗೆ.

ವಿಜಯಮ್ಮ ಪಾಪ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋರು. ನಾನು ಬರೀತಿರಲಿಲ್ಲ. ಹೆತ್ತಿದ್ದು ನಾನು, ಮಗನ ಹತ್ತಿರ ಹೇಗೆ ಮಾತಾಡಬೇಕು ಅಂತ ಇವಳು ಪಾಠ ಮಾಡೋದಾ. ನಾನು ಕೇಸರಿಬಾತಿನಲ್ಲಿ ಸಕ್ಕರೆ ಕಮ್ಮಿ ಇದೆಯೇನೋ ಅಂತ ಹುಡುಕ್ತಾ ಕೂರ್ತಿದ್ದೆ. ಒಂದು ಸಲವೂ ಕಮ್ಮಿ ಇರಲಿಲ್ಲ.

ಹನ್ನೊಂದಕ್ಕೆ ಫೋನು ಬಂದ ತಕ್ಷಣ ನಾವೆಲ್ಲ ಗಪ್‌ಚುಪ್. ಶಾರದಾ ಹ್ಞೂಂಗುಟ್ಟೋಳು, ನಗೋಳು, ಅಯ್ಯೋ ಪಾಪ ಅನ್ನೋಳು, ಮತ್ತೆ ನಗೋಳು. ಆಚೆ ಕಡೆ ಆ ಹುಡುಗ ಏನು ಹೇಳ್ತಿದ್ದನೋ, ಸಾರಿನಲ್ಲಿ ಜಿರಳೆ ಸಿಕ್ಕಿದ್ದು, ಪಕ್ಕದ ಮಂಚದವನ ಗೊರಕೆ, ಎಲ್ಲ. ಒಂದು ಸಲ ಅತ್ತುಬಿಟ್ಟನಂತೆ. ಫೋನಿಟ್ಟ ಮೇಲೆ ಅವಳೇ ಹೇಳಿದಳು, ಅತ್ತರೆ ಒಳ್ಳೆಯದು, ಹಗುರಾಗ್ತಾರೆ ಅಂತ. ನನ್ನ ಮೈಯೆಲ್ಲ ಉರಿದುಹೋಯ್ತು. ನನ್ನ ಮಗ ನನ್ನ ಹತ್ತಿರ ಅತ್ತು ಎಂಟು ವರ್ಷ ಆಗಿತ್ತು. ನನಗೆ ಬೇಕಾಗಿದ್ದದ್ದು ಬೇರೇನೂ ಅಲ್ಲ. ರಾಹುಲ್ ಅವಳ ಹತ್ತಿರ ಮಾತಾಡೋ ಹಾಗೆ ಪ್ರಜ್ವಲ್ ನನ್ನ ಹತ್ತಿರ ಮಾತಾಡಬೇಕು. ಒಂದೇ ಒಂದು ಭಾನುವಾರ ಆದರೂ ಹತ್ತು ನಿಮಿಷ.

ಆದರೆ ನಾನು ಕೇಳ್ತಿದ್ದದ್ದೇನು? ಎಷ್ಟು ಮಾರ್ಕ್ಸ್ ಬಂತೋ? ರಾಹುಲ್‌ಗೆ ಎಷ್ಟು? ಮಹಂತೇಶನಿಗೆ? ನೀನೇ ಮೊದಲು ತಾನೆ? ಅವನು ಹ್ಞೂಂ ಅಮ್ಮ ಅನ್ನೋನು, ಆಮೇಲೆ ಇಡ್ತೀನಿ ಅಮ್ಮ ಅನ್ನೋನು. ನಾನು ಕೇಳಿದ್ದು ತಪ್ಪು ಅಂತ ಆಗ ನನಗೆ ಅನ್ನಿಸಲೇ ಇಲ್ಲ. ಅವನ ಮನಸ್ಸನ್ನು ಯಾರೋ ತಿರುಗಿಸಿದ್ದಾರೆ ಅನ್ನಿಸ್ತಿತ್ತು.

ಇನ್ನು ಚೀಟಿಯ ವಿಷಯಕ್ಕೆ ಬರ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳಬೇಕು.

ನಮ್ಮ ಪೀತಮ್‌ಪುರದ ಕನ್ನಡ ಬಳಗದವರು ವರ್ಷಕ್ಕೊಂದು ಸಲ ಸಾಮೂಹಿಕ ಸತ್ಯನಾರಾಯಣ ಪೂಜೆ ಮಾಡ್ತಾರೆ. ಆ ವರ್ಷ ಸೆಪ್ಟೆಂಬರಿನಲ್ಲಿತ್ತು, ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿ, ಮೈಕು ಹಾಕಿಸಿ. ಮುನ್ನೂರು ಜನ ಸೇರಿದ್ರು. ಪೂಜೆಗೆ ಮೊದಲು ಬಳಗದ ಕಾರ್ಯದರ್ಶಿ ತಿಪ್ಪೇಸ್ವಾಮಿ ಎಲ್ಲರಿಗೂ ಒಂದೊಂದು ಚೀಟಿ ಹಂಚಿದ್ರು. ಹೆಸರು, ಗೋತ್ರ, ನಕ್ಷತ್ರ, ಮತ್ತೆ ಏನು ಬೇಡಿಕೆ ಅಂತ ಬರೆದು ಕೊಡಬೇಕು, ಪುರೋಹಿತರು ಸಂಕಲ್ಪದಲ್ಲಿ ಓದ್ತಾರೆ. ಸಾಧಾರಣವಾಗಿ ಎಲ್ಲರೂ ಆಯುರಾರೋಗ್ಯ ಅಂತ ಬರೆದು ಮುಗಿಸ್ತಾರೆ.

ಶಾರದಾನೂ ಅಷ್ಟು ದೂರದಿಂದ ಬಂದಿದ್ದಳು, ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಚೀಟಿ ಮೇಲೆ ನನ್ನ ಕಣ್ಣು ಹೋಯ್ತು. ಹೋಯ್ತು ಅನ್ನೋದೇಕೆ, ನಾನೇ ಬಗ್ಗಿ ನೋಡಿದೆ. ರಾಹುಲ್ ಮತ್ತು ಅವನ ಜೊತೆಗಾರರ ಕ್ಷೇಮಕ್ಕಾಗಿ, ಅಂತ ಬರೆದಿದ್ದಳು. ಜೊತೆಗಾರರಂತೆ. ಅಂದರೆ ನನ್ನ ಮಗನ ಕ್ಷೇಮವನ್ನೂ ದೇವರ ಹತ್ತಿರ ಇವಳೇ ಕೇಳಿಕೊಡ್ತಾಳೆ, ನಾನೇನು ಸತ್ತುಹೋಗಿದೀನಾ? ನನ್ನ ಪಿತ್ತ ನೆತ್ತಿಗೇರಿತು. ಪೆನ್ನು ಕಿತ್ತುಕೊಂಡು ನನ್ನ ಚೀಟಿಯಲ್ಲಿ ಬರೆದೆ: ಪ್ರಜ್ವಲ್, ಕಾಶ್ಯಪ ಗೋತ್ರ, ಪುಷ್ಯ ನಕ್ಷತ್ರ, ಅಣುಶಕ್ತಿ ಜಲಾಂತರ್ಗಾಮಿ ತರಬೇತಿಯಲ್ಲಿ ಎಲ್ಲರಿಗಿಂತ ಪ್ರಥಮ ಸ್ಥಾನ ಬರುವಂತೆ.

ದೇವರಿಗೆ ಅಂತ ಬರೆದದ್ದು ಅದು, ಮುನ್ನೂರು ಜನಕ್ಕೆ ಅಂತ ಅಲ್ಲ. ಹೀಗೆ ಅಂತ ಎಷ್ಟೋ ದಿನ ನಾನೇ ನನಗೆ ಹೇಳಿಕೊಂಡೆ. ಸುಳ್ಳು. ಶಾರದಾ ಕಿವಿಗೆ ಬೀಳಲಿ ಅಂತಲೇ ಬರೆದೆ.

ಪುರೋಹಿತರು ಮಹಾ ಶ್ರದ್ಧೆಯ ಮನುಷ್ಯ. ಒಂದು ಅಕ್ಷರವೂ ಬಿಡಬಾರದು ಅಂತ ಪ್ರತಿ ಚೀಟಿಯನ್ನೂ ಸಂಸ್ಕೃತ ಮಾಡಿ ಮೈಕಿನಲ್ಲಿ ಓದಿದ್ರು. ನನ್ನದು ಬಂದಾಗ ಒಂದು ಗಳಿಗೆ ನಿಂತು, ಕನ್ನಡಕ ಸರಿ ಮಾಡಿಕೊಂಡು, ಅಣುಶಕ್ತಿ ಜಲಾಂತರ್ಗಾಮಿ ನೌಕಾ ಶಿಕ್ಷಣೇ ಪ್ರಥಮ ಸ್ಥಾನ ಸಿದ್ಧ್ಯರ್ಥಂ ಅಂತ ಗಂಟಲು ಎತ್ತರಿಸಿ ಹೇಳಿದ್ರು. ಅದೂ ಸಾಲದು ಅಂತ, ಇದು ನಮಗೆಲ್ಲ ಹೆಮ್ಮೆಯ ವಿಷಯ, ನಮ್ಮ ವಾಸಂತಿಯವರ ಮಗ ಅಂತ ಕನ್ನಡದಲ್ಲೂ ವಿವರಿಸಿದ್ರು. ಜನ ಚಪ್ಪಾಳೆ ತಟ್ಟಿದ್ರು. ನನ್ನ ಅಕ್ಕ ತಂಗಿಯರು ಅಲ್ಲಿಲ್ಲವಲ್ಲ ಅಂತ ಒಂದು ಬೇಜಾರು ಬಿಟ್ಟರೆ, ನನ್ನ ಜನ್ಮದಲ್ಲಿ ಅಂಥ ಸುಖ ನಾನು ಕಂಡಿರಲಿಲ್ಲ.

ಶಾರದಾ ಮುಖ ಬಿಳಚಿಕೊಂಡಿತ್ತು. ನನ್ನ ಕೈ ಹಿಡಿದು, ಆ ಚೀಟಿ ವಾಪಸ್ ಇಸಕೊಂಡು ಹರಿದುಹಾಕಿ, ತಿಪ್ಪೇಸ್ವಾಮಿಯವರಿಗೂ ಪುರೋಹಿತರಿಗೂ ಒಂದು ಮಾತು ಹೇಳಿ ಅಂತ ಮೆಲ್ಲಗೆ ಹೇಳಿದಳು. ದೇವರ ಮುಂದೆ ಎಂಥ ಮುಚ್ಚುಮರೆ ಅಂತ ನಾನು ಕೈ ಬಿಡಿಸಿಕೊಂಡೆ. ಹೊಟ್ಟೆ ಉರೀತಾ ಇದೆ ಇವಳಿಗೆ, ಉರೀಲಿ ಅಂದುಕೊಂಡೆ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನೌಕಾಪಡೆಯ ಕಡೆಯಿಂದ ಅಂತ ಹೇಳಿಕೊಂಡು ಇಬ್ಬರು ಗಂಡಸರು ಮನೆಗೆ ಬಂದ್ರು. ಬಹಳ ಮರ್ಯಾದಸ್ಥರು. ಚಪ್ಪಲಿ ಹೊರಗೇ ಬಿಟ್ಟು, ಚಹಾ ಕುಡಿದು, ನಿಮ್ಮ ಮಗ ಫೋನಿನಲ್ಲಿ ಏನೇನು ಹೇಳ್ತಾನೆ ಅಂತ ಕೇಳಿದ್ರು. ಏನೂ ಹೇಳೋದಿಲ್ಲ ಅಂದೆ. ಮತ್ತೆ ನಿಮಗೆ ಹೇಗೆ ಗೊತ್ತಾಯ್ತು ಅಂದ್ರು. ಪುಸ್ತಕ, ಪೇಪರು ಅಂತ ತೊದಲಿದೆ. ಅವರು ಎಲ್ಲವನ್ನೂ ಬರೆದುಕೊಂಡು, ನಮಸ್ಕಾರ ಹೇಳಿ ಹೋದ್ರು. ಸಂಜೆ ನಮ್ಮೆಜಮಾನರಿಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ರೆ ನಾನೂ ಬೈದು ಸಮ ಮಾಡಿಕೊಳ್ತಿದ್ದೆ. ಎರಡು ದಿನ ಅವರು ನನ್ನ ಜೊತೆ ಮಾತೇ ಆಡಲಿಲ್ಲ.

ಆ ಭಾನುವಾರ ಪ್ರಜ್ವಲ್ ಫೋನು ಬರಲಿಲ್ಲ. ಅವನ ಸರದಿ ಒಂಬತ್ತು ಗಂಟೆಗೆ. ನಾನು ಎಂಟೂವರೆಗೇ ಸ್ನಾನ ಪೂಜೆ ಮುಗಿಸಿ ಕೂತಿದ್ದೆ. ಹತ್ತಾಯ್ತು, ಹನ್ನೆರಡಾಯ್ತು. ಮುಂದಿನ ಭಾನುವಾರವೂ ಇಲ್ಲ. ಫೋನು ಕೆಟ್ಟಿದೆ ಅಂತ ಕಂಪ್ಲೇಂಟ್ ಕೊಟ್ಟು ಲೈನ್‌ಮ್ಯಾನ್ ಕರೆಸಿದೆ. ಅವನು ಎತ್ತಿ ಕಿವಿಗಿಟ್ಟುಕೊಂಡು, ಬಿಲ್ಕುಲ್ ಠೀಕ್ ಹೈ ಮಾತಾಜಿ ಅಂತ ಹೇಳಿ ಹೋದ. ಆಮೇಲೆ ದಿನಕ್ಕೆ ನಾಲ್ಕು ಸಲ ನಾನೇ ಎತ್ತಿ ನೋಡ್ತಿದ್ದೆ, ಒಳಗೆ ಗುಂಯ್ ಅನ್ನುತ್ತಾ ಅಂತ. ಅನ್ನುತ್ತಿತ್ತು. ಕಾಗದ ಬರೆದೆ. ಉತ್ತರವಾಗಿ ಒಂದು ಕಾರ್ಡು ಬಂತು, ಅದರಲ್ಲಿ ಎರಡೇ ಸಾಲು: ಚೆನ್ನಾಗಿದೀನಿ, ಇಲ್ಲಿ ಕೆಲಸ ಜಾಸ್ತಿ, ಫೋನ್ ಮಾಡೋಕೆ ಆಗ್ತಿಲ್ಲ.

ಹೀಗೆ ಆದದ್ದು ಯಾಕೆ ಅಂತ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಶಾರದಾ ಚಾಡಿ ಹೇಳಿದ್ದಾಳೆ. ಗಂಡ ನೌಕಾಪಡೆಯವನು, ಯಾರಿಗೆ ಹೇಳಬೇಕೋ ಅವರಿಗೆ ಒಂದು ಫೋನು ಮಾಡಿಸಿದ್ದಾಳೆ. ನಮ್ಮೆಜಮಾನರು ಮಾತು ಶುರು ಮಾಡಿದ ಮೇಲೆ ಹೇಳಿದ ಮೊದಲ ಮಾತೇ ಇದು: ಮೈಕಿನಲ್ಲಿ ಕೇಳಿದವರು ಮುನ್ನೂರು ಜನ, ಅದರಲ್ಲಿ ಇನ್ನೂರು ಜನ ಸರ್ಕಾರದ ಸಂಬಳ ತಿನ್ನೋರು, ಅಷ್ಟು ಜನದಲ್ಲಿ ಒಬ್ಬನೂ ಹೇಳದೆ ಇದ್ದಿದ್ರೇ ಆಶ್ಚರ್ಯ. ನನಗೆ ಆ ಲೆಕ್ಕ ಬೇಕಿರಲಿಲ್ಲ. ಆ ಮುನ್ನೂರರಲ್ಲಿ ನನಗೆ ಕಾಣಿಸ್ತಿದ್ದ ಮುಖ ಒಂದೇ. ತಿಂಗಳ ಉಪ್ಪಿಟ್ಟಿಗೆ ಹೋಗೋದು ಬಿಟ್ಟುಬಿಟ್ಟೆ. ಶಾರದಾ ಎರಡು ಸಲ ಫೋನ್ ಮಾಡಿದಳು. ಅವಳ ದನಿ ಕೇಳಿದ ತಕ್ಷಣ ಇಟ್ಟುಬಿಟ್ಟೆ.

ಆರನೇ ವಾರ, ನವೆಂಬರಿನ ಒಂದು ಶನಿವಾರ, ವಿಜಯಮ್ಮ ಇಂದಿರಾಪುರಂನಿಂದ ಫೋನ್ ಮಾಡಿದ್ರು. ಆ ವರ್ಷ ದಿಲ್ಲಿಯಲ್ಲಿ ಎಲ್ಲರಿಗೂ ಚಿಕೂನ್‌ಗುನ್ಯಾ, ಅವರಿಗೂ ಬಂದು ಹೋಗಿತ್ತು. ಕೀಲು ನೋವಿನ ಕಥೆಯೆಲ್ಲ ಹೇಳಿ, ಕೊನೆಗೆ, ಅಂತೂ ನಿಮ್ಮ ಪ್ರಜ್ವಲ್‌ಗೆ ಜ್ವರ ಬಿಟ್ಟಿತಲ್ಲ, ಶಾರದಾ ಹೇಳಿದ್ರು, ಕೇಳಿ ಸಮಾಧಾನ ಆಯ್ತು ಅಂದ್ರು.

ಅವನಿಗೆ ಜ್ವರ ಬಂದದ್ದೇ ನನಗೆ ಗೊತ್ತಿರಲಿಲ್ಲ. ಆದರೆ ಹಾಗಂತ ಬಾಯಿಬಿಡೋ ಹೆಂಗಸಾ ನಾನು? ಹ್ಞೂಂ, ಬಿಟ್ಟಿದೆ, ಈಗ ಪರವಾಗಿಲ್ಲ ಅಂದೆ. ಫೋನಿಟ್ಟು, ಮಂಚದ ತುದಿಯಲ್ಲಿ ಕೂತೆ. ನನ್ನ ಮಗನ ಜ್ವರ ವಸಂತ್ ಕುಂಜ್‌ಗೆ ಗೊತ್ತು, ಇಂದಿರಾಪುರಂಗೆ ಗೊತ್ತು, ಪೀತಮ್‌ಪುರಕ್ಕೆ ಗೊತ್ತಿಲ್ಲ.

ಮಾರನೇ ದಿನ ಬೆಳಿಗ್ಗೆ ನಮ್ಮೆಜಮಾನರಿಗೆ ಹೇಳದೆ ಮನೆ ಬಿಟ್ಟೆ. ಎರಡು ಮೆಟ್ರೊ ಬದಲಾಯಿಸಿ, ಒಂದು ಬ್ಲೂಲೈನ್ ಬಸ್ಸಿನಲ್ಲಿ ನಿಂತು, ಕೊನೆಗೆ ಆಟೋ ಹತ್ತಿ ವಸಂತ್ ಕುಂಜ್ ಸೇರಿದೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡೆ. ಕೈಯಲ್ಲಿ ಒಂದು ಬಾಳೆಹಣ್ಣೂ ಇರಲಿಲ್ಲ. ಮೊದಲ ಸಲ ಒಬ್ಬರ ಮನೆಗೆ ಬರಿಗೈಯಲ್ಲಿ ಹೋದೆ, ಬೇಕೂಂತಲೇ.

ಬಾಗಿಲು ತೆಗೆದದ್ದು ಚಂದ್ರಕಾಂತ. ಅವರಿಗೂ ಅದೇ ಜ್ವರ ಬಂದು ಮಂಡಿ ಹಿಡಿದಿತ್ತು, ಗೋಡೆ ಹಿಡಿದು ನಿಂತಿದ್ರು. ನನ್ನ ಮುಖ ನೋಡಿ, ಬನ್ನಿ ಅಂತ ಒಂದೇ ಮಾತು ಹೇಳಿ, ಪೇಪರ್ ಎತ್ತಿಕೊಂಡು ಬಾಲ್ಕನಿಗೆ ಕುಂಟಿಕೊಂಡು ಹೋದ್ರು. ಹಡಗಿನಲ್ಲಿದ್ದವರಿಗೆ ಬಿರುಗಾಳಿಯ ಗುರುತು ಬೇಗ ಸಿಗುತ್ತೇನೋ.

ಶಾರದಾ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳು ಸೊರಗಿದ್ದಳು. ಅದನ್ನು ಕಂಡೂ ನನಗೆ ಪಾಪ ಅನ್ನಿಸಲಿಲ್ಲ.

"ನನ್ನ ಮಗನಿಗೆ ಜ್ವರ ಬಂದದ್ದು ನಿಮಗೆ ಹೇಗೆ ಗೊತ್ತು?" ಅಂತ ಕೇಳಿದೆ.

ಕೂತ್ಕೊಳ್ಳಿ ಅಂದಳು. ನಾನು ಕೂರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಹೇಳಿದೆ, ಮಾಡದೆ ಇದ್ದದ್ದೂ ಹೇಳಿದೆ. ಚಾಡಿ ಹೇಳಿ ಅವನ ಫೋನು ಬಂದ್ ಮಾಡಿಸಿದವಳು ನೀನೇ ಅಂದೆ. ಬಹುವಚನ ಎಲ್ಲೋ ಬಿದ್ದುಹೋಗಿತ್ತು. ಉಪ್ಪಿಟ್ಟು ಹಾಕಿ ಹಾಕಿ ಊರ ಮಕ್ಕಳನ್ನೆಲ್ಲ ಬುಟ್ಟಿಗೆ ಹಾಕಿಕೊಳ್ತೀಯಾ ಅಂದೆ. ಅವಳು ಎಲ್ಲವನ್ನೂ ಕೇಳಿದಳು, ನಡುವೆ ಒಂದು ಸಲ ಗೋಡೆ ಗಡಿಯಾರ ನೋಡಿದಳು. ಅವಳು ಗಡಿಯಾರ ನೋಡಿದ್ದು ಕಂಡು ನನಗೆ ಇನ್ನೂ ಸಿಟ್ಟು ಬಂತು. ಮಗನ ಫೋನು ಬರೋ ಹೊತ್ತು, ನಾನು ಬೇಗ ಹೊರಡಲಿ ಅಂತ ಕಾಯ್ತಿದ್ದಾಳೆ.

"ನಿನಗೆ ನಿನ್ನ ಮಗ ಸಾಲಲಿಲ್ವಾ?" ಅಂದೆ.

ಆಗ ಅವಳ ಕಣ್ಣು ತುಂಬಿಕೊಂಡಿತು. ಅಷ್ಟು ತಿಂಗಳಲ್ಲಿ ಅವಳ ಕಣ್ಣಲ್ಲಿ ನೀರು ನಾನು ನೋಡಿರಲಿಲ್ಲ. ಅವಳು ಏನೋ ಹೇಳೋಕೆ ಹೋದಳು, ಅಷ್ಟರಲ್ಲಿ ಫೋನು ಹೊಡಕೊಳ್ತು. ಹನ್ನೊಂದು. ಶಾರದಾ ಎದ್ದು ನಿಂತಳು. ಕೈ ಮುಂದೆ ಹೋಯ್ತು, ಮತ್ತೆ ಹಿಂದಕ್ಕೆ ಬಂತು.

"ನೀವೇ ತಗೊಳ್ಳಿ," ಅಂತ ಹೇಳಿ ಅಡಿಗೆಮನೆಗೆ ಹೋದಳು.

ಎಷ್ಟು ತಿಂಗಳಿಂದ ಆ ಫೋನಿನ ಮೇಲೆ ಕಣ್ಣು ಹಾಕಿದ್ದೆ ನಾನು. ಎತ್ತಿ ಕಿವಿಗಿಟ್ಟೆ. ಆ ಕಡೆಯಿಂದ ರಾಹುಲ್ ದನಿ ಬಂತು, ಅವಸರದಲ್ಲಿ: ಅಮ್ಮ, ನಾನು ಚೆನ್ನಾಗಿದೀನಿ, ಅಪ್ಪನ ಕಾಲು ಹುಷಾರು, ಇವನಿಗೆ ಕೊಟ್ಟೆ. ಅಷ್ಟೇ. ಹತ್ತು ಸೆಕೆಂಡೂ ಇಲ್ಲ. ಫೋನು ಕೈ ಬದಲಾಯಿಸಿದ ಸದ್ದು ಕೇಳಿಸ್ತು. ಆಮೇಲೆ ಯಾರೋ ಮೂಗು ಎಳಕೊಂಡ್ರು. ಆ ಮೂಗು ಎಳಕೊಳ್ಳೋದು ನನಗೆ ಗೊತ್ತು, ಎಲ್.ಕೆ.ಜಿ.ಯಿಂದ ಗೊತ್ತು.

"ಆಂಟಿ, ಮಂಗಳವಾರ ಬೋರ್ಡು," ಅಂದ ಪ್ರಜ್ವಲ್. "ಒಂದು ಸಲ ಫೇಲ್ ಆಗಿದೀನಲ್ಲ, ಇದು ಆಖರಿ. ನೀವು ಹೇಳಿದ ಹಾಗೆ ಹತ್ತು ಗಂಟೆಗೆ ಬುಕ್ ಮುಚ್ಚಿ ಮಲಗ್ತಿದೀನಿ. ರಾಹುಲ್ ದಿನಾ ಕೂರಿಸಿಕೊಂಡು ಡ್ರಾಯಿಂಗ್ ಮಾಡಿಸ್ತಾನೆ. ಈಗ ಬರುತ್ತೆ, ಆದ್ರೆ ಸರ್ ಮುಂದೆ ನಿಂತ್ರೆ ಅರ್ಧಕ್ಕೇ ಮರೆತುಹೋಗುತ್ತೆ ಆಂಟಿ. ನನ್ನ ಫೋನು ಮುಂದಿನ ತಿಂಗಳು ಚಾಲೂ ಮಾಡ್ತಾರಂತೆ. ಅಮ್ಮಂಗೆ ಏನೂ ಹೇಳಿಲ್ಲ ತಾನೆ? ಪ್ಲೀಸ್ ಹೇಳ್ಬೇಡಿ. ಅವಳ ಚೀಟಿಯಿಂದ ನನ್ನ ಫೋನ್ ಬಂದ್ ಆಯ್ತು ಅಂತ ಗೊತ್ತಾದ್ರೆ ಅವಳು ಊಟ ಬಿಟ್ಟುಬಿಡ್ತಾಳೆ. ಇಲ್ಲಾಂದ್ರೆ ಸೀದಾ ಮಿನಿಸ್ಟ್ರಿಗೆ ಹೋಗಿ ಜಗಳ ಮಾಡ್ತಾಳೆ. ನಾನು ಫಸ್ಟ್ ಬರಲಿ ಅಂತ ಅವಳು ದೇವರಿಗೆ ಬರೆದಿದ್ದಾಳೆ. ನಾನು ಪಾಸ್ ಆಗೋದೇ ಡೌಟು. ಅವಳಿಗೆ ಹೇಗೆ ಹೇಳಲಿ?"

ಗಡಿಯಾರ ನೋಡಿದೆ. ಹನ್ನೊಂದು ಗಂಟೆ ನಾಲ್ಕು ನಿಮಿಷ. ನನ್ನ ಮಗ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕೇಳಿರಲೇ ಇಲ್ಲ. ನಿಜ ಹೇಳ್ತೀನಿ, ಆ ಹೊತ್ತಿನಲ್ಲೂ ನನಗೆ ಮೊದಲು ಬಂದದ್ದು ದುಃಖ ಅಲ್ಲ, ನಾಚಿಕೆಯೂ ಅಲ್ಲ, ಹೊಟ್ಟೆಕಿಚ್ಚೇ. ಈ ಮಾತೆಲ್ಲ ನನಗೆ ಬರಬೇಕಾದ್ದು, ಆಂಟಿ ಅಂತ ಕರೆದು ಇವಳಿಗೆ ಸುರೀತಿದ್ದಾನಲ್ಲ ಅಂತ. ಆಮೇಲೆ, ಬಹಳ ನಿಧಾನವಾಗಿ, ಇನ್ನೊಂದು ವಿಷಯ ತಲೆಗೆ ಹೋಯ್ತು. ಈ ಹತ್ತು ನಿಮಿಷ ರಾಹುಲ್‌ದು. ಆರು ವಾರದಿಂದ ಆ ಹುಡುಗ ತನ್ನ ನಂಬರು ಒತ್ತಿ, ತನ್ನ ಅಮ್ಮನಿಗೆ ಒಂದು ಮಾತು ಹೇಳಿ, ಫೋನು ನನ್ನ ಮಗನ ಕೈಗೆ ಕೊಡ್ತಿದ್ದಾನೆ. ಅವಳು ತನ್ನ ಮಗನ ಭಾನುವಾರಗಳನ್ನೆಲ್ಲ ನನ್ನ ಮಗನಿಗೆ ಕೊಟ್ಟು, ನನಗೆ ಹೇಳಬಾರದು ಅಂತ ಅವನು ಕೇಳಿಕೊಂಡದ್ದಕ್ಕೆ ಬಾಯಿ ಮುಚ್ಚಿಕೊಂಡು, ನನ್ನ ಬೈಗುಳ ಕೇಳ್ತಾ ಕೂತಿದ್ದಳು.

"ಆಂಟಿ?" ಅಂದ ಪ್ರಜ್ವಲ್. "ಕೇಳಿಸ್ತಿದೆಯಾ?"

ರಾಹುಲ್ ಪಾಸಾದನಾ, ಮಹಂತೇಶ ಪಾಸಾದನಾ, ನೀನೊಬ್ಬನೇ ಯಾಕೋ ಫೇಲಾದೆ, ಇಷ್ಟೂ ನಾಲಿಗೆ ತುದಿಗೆ ಬಂದು ನಿಂತಿತ್ತು. ನಾಲಿಗೆ ಕಚ್ಚಿಕೊಂಡೆ.

"ಬೆಳಿಗ್ಗೆ ತಿಂಡಿಗೆ ಏನು ಕೊಟ್ರೋ?" ಅಂದೆ.

ಅವನು ನನ್ನ ದನಿಯ ಗುರುತು ಹಿಡಿದ.

"ಅಮ್ಮಾ?"

"ಹ್ಞೂಂ. ಕೇಳಿದ್ದಕ್ಕೆ ಹೇಳು, ತಿಂಡಿ ಏನು?"

"ಪೂರಿ," ಅಂದ. ಆಮೇಲೆ, "ಅಮ್ಮ, ನಾನು..." ಅಂತ ಶುರು ಮಾಡಿದ.

ಎಷ್ಟು ಪೂರಿ ಅಂತ ಕೇಳಿದೆ. ಆರು ಅಂದ. ಪಲ್ಯ ಏನು ಅಂದೆ. ಆಲೂಗಡ್ಡೆ, ಉಪ್ಪೇ ಇರಲಿಲ್ಲ ಅಂದ, ಅಷ್ಟು ಹೇಳೋ ಹೊತ್ತಿಗೆ ಅತ್ತುಬಿಟ್ಟ. ಅಳಲಿ ಅಂತ ಬಿಟ್ಟೆ. ಜ್ವರದ ವಿಷಯ ಕೇಳಲಿಲ್ಲ, ಬೋರ್ಡಿನ ವಿಷಯ ಕೇಳಲಿಲ್ಲ. ನಮ್ಮ ಕೆಳಗಿನ ಮನೆಯ ಚಾವ್ಲಾ ಆಂಟಿ ನಾಯಿ ನಾಲ್ಕು ಮರಿ ಹಾಕಿದ್ದು, ಅದರಲ್ಲಿ ಒಂದು ನಿಮ್ಮಪ್ಪನ ಚಪ್ಪಲಿ ಕಡಿದದ್ದು ಹೇಳಿದೆ. ಅಪ್ಪ ಏನಂದ್ರು ಅಂತ ಅಳುವಿನಲ್ಲೇ ಕೇಳಿದ. ನಿಮ್ಮಪ್ಪ ಆ ನಾಯಿಮರಿಗೂ ಒಂದು ಮೆಮೊ ಕೊಡೋಕೆ ಹೊರಟಿದ್ರು ಅಂದೆ. ನಕ್ಕ. ನನ್ನ ಮಗ ಫೋನಿನಲ್ಲಿ ನಕ್ಕ. ಮಂಗಳವಾರ ಅವನು ಪಾಸಾದ, ಕೊನೆಯಿಂದ ಮೂರನೆಯವನಾಗಿ. ಅದು ನನಗೆ ತಿಳಿದದ್ದು ಮುಂದಿನ ಭಾನುವಾರ, ಇದೇ ಕೆಂಪು ಫೋನಿನಲ್ಲಿ, ತಿಂಡಿ ಏನು ಅಂತ ಕೇಳಿದ ಮೇಲೆ.

ಅವನು ನಕ್ಕಾಗ ಗಡಿಯಾರದಲ್ಲಿ ಹನ್ನೊಂದು ಗಂಟೆ ಏಳು ನಿಮಿಷ ಆಗಿತ್ತು. ಇನ್ನು ಮೂರು ನಿಮಿಷ ಇತ್ತು. ಆ ಮೂರು ನಿಮಿಷವನ್ನೂ ನಾನೇ ಮಾತಾಡಿಬಿಡಬಹುದಿತ್ತು, ಯಾರೂ ಕೇಳ್ತಿರಲಿಲ್ಲ. ಮಾತಾಡಬೇಕು ಅಂತ ಆಸೆಯೂ ಆಯ್ತು, ಸುಳ್ಳು ಯಾಕೆ ಹೇಳಲಿ. ರಿಸೀವರ್ ಮೇಲಿನ ಹಿಡಿತ ಬಿಡೋಕೆ ಬೆರಳು ಒಪ್ಪಲಿಲ್ಲ.

"ರಾಹುಲ್ ಅಲ್ಲೇ ಇದಾನಾ?" ಅಂದೆ. "ಅವನಿಗೆ ಕೊಡು."

ಫೋನು ಹಿಡಿದುಕೊಂಡೇ ಅಡಿಗೆಮನೆ ಕಡೆ ತಿರುಗಿದೆ. ಶಾರದಾ ಒಲೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಕ್ಷಮಿಸಿ ಅಂತ ಹೇಳಬೇಕಿತ್ತು. ನನಗೆ ಆ ಮಾತು ಯಾವತ್ತೂ ಸಲೀಸಾಗಿ ಬರೋದಿಲ್ಲ.

"ಶಾರದಾ, ನಿಮ್ಮ ಮಗ," ಅಂದೆ. "ಮೂರೇ ನಿಮಿಷ ಇದೆ. ಬೇಗ ಬನ್ನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದಳು. ನಾನು ಅಡಿಗೆಮನೆಗೆ ಹೋಗಿ, ಅವಳು ಒಲೆ ಮೇಲೆ ಇಟ್ಟಿದ್ದ ರವೆ ತಳ ಹಿಡಿಯದ ಹಾಗೆ ಕೈಯಾಡಿಸ್ತಾ ನಿಂತೆ. ಸಕ್ಕರೆ ಡಬ್ಬ ಎಲ್ಲಿದೆ ಅಂತ ಹುಡುಕಿ, ಅವಳ ಅಳತೆಗಿಂತ ಒಂದು ಚಮಚ ಜಾಸ್ತಿಯೇ ಹಾಕಿದೆ. ಹೊರಗಿನಿಂದ ಅವಳ ನಗು ಕೇಳಿಸ್ತು. ಮೂರೇ ಮೂರು ನಿಮಿಷದಲ್ಲಿ ಆ ಹುಡುಗ ಅಮ್ಮನನ್ನು ಅಷ್ಟು ನಗಿಸ್ತಾನಲ್ಲ ಅಂತ ಮತ್ತೆ ಅದೇ ಹೊಟ್ಟೆಕಿಚ್ಚಾಯ್ತು. ನನ್ನ ಮಗನನ್ನು ನಗಿಸೋಕೆ ನನಗಾದ್ರೆ ಏಳು ನಿಮಿಷ ಬೇಕಾಯ್ತು.